ಹಡಗಲಿಯಿಂದ ಬಂದ ಚೇಳಿನ ಪ್ರಶ್ನೆ

ವೈದ್ಯಕೀಯ ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಹುಡುಕುತ್ತಿದ್ದಿರಿ ಎಂಬುದು ಅವರ ಮೊದಲ ಪ್ರಶ್ನೆ. ಬೆರಳಿನಿಂದ ಎನ್ನುತ್ತೇನೆ. ನಗುತ್ತಾರೆ. ನಿಜ ಹೇಳಬೇಕೆಂದರೆ ಅದು ಹಾಗೇ ಇತ್ತು. ಲೋಕದ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ಲೇಖನಗಳ ಹೆಸರೆಲ್ಲ ತಿಂಗಳಿಗೊಂದು ದಪ್ಪ ಸೂಚಿಯಾಗಿ ಅಚ್ಚಾಗಿ, ಹಡಗಿನಲ್ಲಿ ನಮ್ಮ ಕಾಲೇಜಿಗೆ ಬರುತ್ತಿತ್ತು. ತೆಳು ಕಾಗದ, ಇರುವೆ ಸಾಲಿನಂಥ ಅಕ್ಷರ. ರೋಗದ ಹೆಸರಿನ ಕೆಳಗೆ ಬೆರಳಿಟ್ಟು ಸಾಲು ಸಾಲಾಗಿ ಇಳಿಯಬೇಕು. ಸಿಕ್ಕರೆ ಕಪಾಟಿಗೆ ಹೋಗಿ ಆ ಪತ್ರಿಕೆಯನ್ನು ತೆಗೆಯಬೇಕು. ನಮ್ಮಲ್ಲಿ ಇಲ್ಲದಿದ್ದರೆ ಬೇರೆ ಊರಿಗೆ ಬರೆದು ಕಾಯಬೇಕು.

ಬೆರಳಿನ ಕೆಲಸ ಯಾರಿಗಾದರೂ ಕಲಿಸಬಹುದು. ಸಿಕ್ಕ ಲೇಖನವನ್ನು ಎಷ್ಟು ನಂಬಬೇಕು ಎಂಬುದನ್ನು ಕಲಿಸುವುದೇ ಕಷ್ಟ. ಆ ಕಷ್ಟ ನನಗೆ ಸರಿಯಾಗಿ ತಿಳಿದದ್ದು ಕೂಡ್ಲಿಗಿ, ಹಡಗಲಿ ಕಡೆ ಓಡಾಡಿದ ವರ್ಷಗಳಲ್ಲಿ.

ನಾನು ಕೊಟ್ಟೂರಿನವಳು. ತಂದೆಗೆ ಹತ್ತಿಕಾಳು, ಹಿಂಡಿಯ ಅಂಗಡಿ. ಗ್ರಂಥಾಲಯ ಶಾಸ್ತ್ರ ಓದಿ ನಗರದ ವೈದ್ಯಕೀಯ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದೆ. ಎಂಬತ್ತರ ದಶಕದ ನಡುವೆ ಒಂದು ಯೋಜನೆ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಆಸ್ಪತ್ರೆಗಳಿಗೆ ಒಂದೊಂದು ಸಣ್ಣ ಗ್ರಂಥಾಲಯ ಕೊಡುವುದು, ಅಲ್ಲಿಯ ಒಬ್ಬೊಬ್ಬ ನೌಕರರಿಗೆ ಹುಡುಕುವ ವಿದ್ಯೆ ಕಲಿಸುವುದು. ವೈದ್ಯರಿಗೆ ಸಂಶಯ ಬಂದಾಗ ಆ ನೌಕರರು ಪ್ರಶ್ನೆಯನ್ನು ನಮಗೆ ಕಳಿಸಬೇಕು, ತಾವೇ ಬಂದು ಹುಡುಕಲೂ ಬೇಕು. ಕಲಿಸುವ ಹೊಣೆ ನನ್ನದಾಯಿತು. ಆ ಕಡೆಯ ಮಾತು ಬರುತ್ತದೆ ಎಂಬುದೇ ನನ್ನ ದೊಡ್ಡ ಅರ್ಹತೆ.

ಸೂಚಿಯ ಸಂಪುಟಗಳನ್ನು ಕಬ್ಬಿಣದ ಟ್ರಂಕಿಗೆ ತುಂಬಿ ಹೊಸಪೇಟೆಯಿಂದ ಕೊಟ್ಟೂರಿಗೆ ಹೋಗುವ ಮೀಟರ್ ಗೇಜಿನ ರೈಲು ಹತ್ತಿದೆ. ತವರಿನಲ್ಲಿ ಉಳಿದು ಮರುದಿನ ಬಸ್ಸಿನಲ್ಲಿ ಕೂಡ್ಲಿಗಿಗೆ. ಮೊದಲ ತರಬೇತಿ ಅಲ್ಲಿಯ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಒಂದು ಕಡೆ ಮುರಿದ ಮಂಚಗಳು, ಇನ್ನೊಂದು ಕಡೆ ನಾವು. ಬಂದವರಲ್ಲಿ ಕಾಂಪೌಂಡರುಗಳು, ಆರೋಗ್ಯ ಸಹಾಯಕಿ, ಗುಮಾಸ್ತರು ಇದ್ದರು. ತಮ್ಮನ್ನು ಯಾವುದೋ ತಪ್ಪಿಗೆ ಶಿಕ್ಷೆಯಾಗಿ ಕಳಿಸಿದ್ದಾರೆ ಎಂಬ ಮುಖ ಎಲ್ಲರದೂ.

"ವೈದ್ಯರು ಪ್ರಶ್ನೆ ಕೊಟ್ಟ ಕೂಡಲೇ ಹುಡುಕಲು ಹೋಗಬೇಡಿ. ಯಾವ ರೋಗಿ, ಏನು ಕೊಡಬೇಕೆಂದಿದ್ದಾರೆ, ಯಾವುದಕ್ಕೆ ಹೋಲಿಸಿ, ಏನಾದರೆ ಗುಣವಾಯಿತು ಅನ್ನುತ್ತಾರೆ, ಇಷ್ಟನ್ನು ಅವರನ್ನೇ ಕೇಳಿ" ಎಂದು ಹೇಳಿದೆ.

ಹಡಗಲಿ ಆಸ್ಪತ್ರೆಯ ದಾಖಲೆ ಗುಮಾಸ್ತ ಹುಲುಗಪ್ಪ ಎದ್ದು ನಿಂತ. ಅವನ ಮನೆತನದಲ್ಲಿ ತಿಂಗಳ ಸಂಬಳ ಕಂಡವನು ಅವನೇ ಮೊದಲಿಗ. ಅಪ್ಪ ಮೆಟ್ಟು ಹೊಲಿಯುತ್ತಿದ್ದವರು, ಮನೆಯಲ್ಲಿ ಬುದ್ಧನ ಪಟ ತಂದಿಟ್ಟವರು.

"ಮೇಡಂ, ನಾವು ಡಾಕ್ಟರಿಗೆ ತಿರುಗಿ ಪ್ರಶ್ನಿ ಕೇಳೋದು ಹೆಂಗ್ರಿ? ಹೊರಗ ಹೋಗಲೇ ಅಂದ್ರ ಏನ್ ಮಾಡಬೇಕು?"

"ಹೊರಗೆ ಹೋಗಿ ನಿಂತು, ಮತ್ತೆ ಒಳಗೆ ಬಂದು ಕೇಳಬೇಕು."

ಎಲ್ಲರೂ ನಕ್ಕರು. ಹುಲುಗಪ್ಪ ನಗಲಿಲ್ಲ. ಹೇಳಿದ್ದನ್ನು ಹಾಗೆಯೇ ಬರೆದುಕೊಂಡ.

ಮೊದಲ ಭಯ ಹಗರಿಬೊಮ್ಮನಹಳ್ಳಿಯಿಂದ ಬಂತು. ಅಲ್ಲಿಯ ಕಾಂಪೌಂಡರ್ ಸಿದ್ಧಲಿಂಗಯ್ಯ ಚುರುಕಿನ ಮನುಷ್ಯ. ಹತ್ತಿಗೆ ಔಷಧಿ ಹೊಡೆಯುವಾಗ ವಿಷ ಒಳಗೆ ಹೋಗಿ ಒಬ್ಬ ಕೂಲಿಯಾಳು ಆಸ್ಪತ್ರೆ ಸೇರಿದ್ದ. ಸಿದ್ಧಲಿಂಗಯ್ಯ ರೈಲು ಹಿಡಿದು ನಮ್ಮ ಕಾಲೇಜಿಗೆ ಬಂದು, ಅರ್ಧ ದಿನದಲ್ಲಿ ಒಂದು ಲೇಖನ ಹುಡುಕಿದ. ಒಂದು ಹೊಸ ಚುಚ್ಚುಮದ್ದಿನಿಂದ ಉಸಿರಾಟ ಬೇಗ ಸರಿಹೋಯಿತು ಎಂದು ಅದರ ಸಾರಾಂಶದಲ್ಲಿತ್ತು. ಸಾರಾಂಶವನ್ನಷ್ಟೇ ನಕಲು ಮಾಡಿಕೊಂಡು ಓಡಿಹೋದ. ಅಲ್ಲಿಯ ವೈದ್ಯರು ಆ ಮದ್ದು ತರಲು ಹೊಸಪೇಟೆಗೆ ಆಳು ಕಳಿಸಿದರು.

ಅವನು ಮೇಜಿನ ಮೇಲೆ ಬಿಟ್ಟುಹೋದ ಸಂಪುಟವನ್ನು ಕಪಾಟಿಗೆ ಇಡುವ ಮೊದಲು ನಾನು ಲೇಖನವನ್ನು ಪೂರ್ತಿ ಓದಿದೆ. ಮದ್ದು ಕೊಟ್ಟದ್ದು ಪ್ರಯೋಗಾಲಯದ ನಾಯಿಗಳಿಗೆ, ಅದೂ ಅರಿವಳಿಕೆ ಕೊಟ್ಟು ಮಲಗಿಸಿದ ನಾಯಿಗಳಿಗೆ. ಟ್ರಂಕ್ ಕಾಲ್ ಬುಕ್ ಮಾಡಿದರೆ ಲೈನೇ ಸಿಗಲಿಲ್ಲ. ಅಂಚೆ ಕಚೇರಿಗೆ ಹೋಗಿ ತಂತಿ ಬರೆದೆ: "ನಾಯಿ. ಮನುಷ್ಯರಲ್ಲ. ಕೊಡಬೇಡಿ." ತಂತಿ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಹೀಗೇ ಕಳಿಸಬೇಕೇನಮ್ಮ?" ಎಂದರು. "ಹೀಗೇ ಕಳಿಸಿ, ಬೇಗ" ಎಂದೆ. ಮದ್ದಿಗಿಂತ ಮೊದಲು ತಂತಿ ತಲುಪಿತು. ವಿಷ ತಗುಲಿದ್ದ ಕೂಲಿಯಾಳು ಎಂದಿನ ಚಿಕಿತ್ಸೆಯಿಂದಲೇ ಗುಣವಾಗಿ ಮನೆಗೆ ಹೋದ. ಸಿದ್ಧಲಿಂಗಯ್ಯ ಮುಂದಿನ ತರಬೇತಿಯಲ್ಲಿ ಎಲ್ಲರ ಮುಂದೆ ಆ ಕಥೆಯನ್ನು ತಾನೇ ಹೇಳಿದ. ಸಾರಾಂಶ ಓದಿ ಎದ್ದು ಹೋಗಬಾರದು ಎಂದು ನಾನು ಮತ್ತೆ ಯಾರಿಗೂ ಹೇಳಬೇಕಾಗಲಿಲ್ಲ.

ಇದಾದ ಮೇಲಿನ ಬೇಸಿಗೆಯಲ್ಲಿ ಹಡಗಲಿಯಿಂದ ಒಂದು ಪ್ರಶ್ನೆ ಬಂತು. "ಚೇಳು ಕಡಿತಕ್ಕೆ ಒಳ್ಳೆಯ ಔಷಧ ಯಾವುದು?" ಅಷ್ಟೇ. ನಾನು ಅದನ್ನು ಹಿಂದಕ್ಕೆ ಕಳಿಸಿದೆ, ಯಾವ ರೋಗಿ, ಯಾವ ಹಂತ ಎಂದು ಕೇಳಿ.

ಮೂರನೆಯ ದಿನ ಕಾಲೇಜಿನ ಕಚೇರಿಗೆ ಫೋನ್ ಬಂತು. ಆ ಕಡೆ ಹಡಗಲಿಯ ವೈದ್ಯ ಕೊಟ್ರೇಶ್. ಹರಪನಹಳ್ಳಿ ಕಡೆಯವರು, ಓದು ಮುಗಿಸಿ ಬಹಳ ವರ್ಷವಾಗಿರಲಿಲ್ಲ.

"ಮೇಡಂ, ಇಲ್ಲಿ ಮಕ್ಕಳು ಸಾಯಾಕ ಹತ್ಯಾವ. ನೀವು ಅಲ್ಲಿ ಕುಂತು ನನ್ನ ಪ್ರಶ್ನಿ ತಿದ್ದಾಕ ಹತ್ತೀರಿ."

"ಡಾಕ್ಟ್ರೇ, ಚೇಳು ಅಂತ ಹುಡುಕಿದರೆ ಪ್ರಾಣಿಶಾಸ್ತ್ರದ ಪುಟಗಳೂ ಬರುತ್ತವೆ. ಮಕ್ಕಳು ಹೇಗೆ ಸಾಯುತ್ತಿದ್ದಾರೆ ಅಷ್ಟು ಹೇಳಿ."

"ಕೆಂಪು ಚೇಳು. ಮೊದಲು ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗ. ಆಮ್ಯಾಲ ದಮ್ಮು, ಬಾಯಾಗ ನೊರಿ. ಪುಸ್ತಕದಾಗ ಇದ್ದಂಗ ಅಟ್ರೋಪಿನ್ ಇಂಜೆಕ್ಷನ್ ಕೊಡ್ತೀನಿ. ಕೊಟ್ಟ ಮ್ಯಾಲ ಎದಿ ಬಡಿತ ಇನ್ನೂ ಹೆಚ್ಚಾಗ್ತೈತಿ. ನಾ ಕೊಡೋದ ತಪ್ಪೇನೋ ಅನ್ನಿಸಾಕ ಹತ್ತೈತಿ. ಹುಲುಗಪ್ಪನ್ನ ಕಳಸ್ತೀನಿ."

ಹುಲುಗಪ್ಪ ಬಂದ. ಬರುವ ಮೊದಲು ವಾರ್ಡಿನಲ್ಲಿ ವೈದ್ಯರ ಪಕ್ಕ ಕೂತು ಪ್ರಶ್ನೆಯನ್ನು ಬಿಡಿಸಿ ಬರೆದುಕೊಂಡಿದ್ದ. ನಾವಿಬ್ಬರೂ ಸೂಚಿಯ ಮುಂದೆ ಕೂತೆವು. ವಿಷಗಳು ಎಂಬ ತಲೆಬರಹದಡಿ ನೋಡಿದೆವು, ಶ್ವಾಸಕೋಶದಲ್ಲಿ ನೀರು ತುಂಬುವುದು ಎಂಬಲ್ಲಿ ನೋಡಿದೆವು, ಬೆರಳು ನೋಯುವವರೆಗೆ ಇಳಿದೆವು. ಇಸ್ರೇಲಿನ ಚೇಳು, ಬ್ರೆಜಿಲ್ಲಿನ ಚೇಳು, ಮೆಕ್ಸಿಕೋದ ಚೇಳು. "ಇವೆಲ್ಲ ನಮ್ಮ ಚೇಳಲ್ರಿ" ಎಂದು ಹುಲುಗಪ್ಪ ಒಂದೊಂದನ್ನೂ ಬದಿಗಿಟ್ಟ. ಎರಡನೆಯ ದಿನ ಸಂಜೆ ಒಂದು ಸಾಲು ಸಿಕ್ಕಿತು. ನಮ್ಮ ಪಕ್ಕದ ರಾಜ್ಯದ ಹಳ್ಳಿಗಾಡಿನ ಆಸ್ಪತ್ರೆಯೊಂದರಿಂದ ಬಂದ ಲೇಖನ. ಕೆಂಪು ಚೇಳು, ಮಕ್ಕಳು, ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆ.

ಆ ಪತ್ರಿಕೆ ನಮ್ಮ ಕಾಲೇಜಿಗೆ ಬರುತ್ತಿತ್ತು, ಆದರೆ ಆ ವರ್ಷದ ಸಂಚಿಕೆಗಳು ರಟ್ಟು ಕಟ್ಟಲು ಹೋಗಿದ್ದವು. ಇಬ್ಬರೂ ಬೈಂಡರ್ ಖಾದರ್ ಸಾಹೇಬರ ಅಂಗಡಿಗೆ ಹೋದೆವು. ಅವರು ಆಗಷ್ಟೇ ಸಂಚಿಕೆಗಳ ಬೆನ್ನು ಬಿಚ್ಚಿ, ಹೊಲಿಯುವುದಕ್ಕೆಂದು ಹಾಳೆಗಳನ್ನು ಜಮಖಾನದ ಮೇಲೆ ಹರಡಿದ್ದರು.

"ಈಗ ಬಂದು ಒಂದು ಪನ್ನಾ ಬೇಕು ಅಂದ್ರ ಎಲ್ಲಿಂದ ತರ್ಲಿ ಬೇಟಿ? ನಾಳಿ ಬಾ, ಎಲ್ಲಾ ಜೋಡಿಸಿ ಇಟ್ಟಿರ್ತೀನಿ."

"ಕೂಸುಗಳ ಜೀವದ ಪ್ರಶ್ನಿ ಐತ್ರಿ ಸಾಹೇಬ್ರ" ಎಂದ ಹುಲುಗಪ್ಪ.

ಸಾಹೇಬರು ಅಂಟಿನ ಡಬ್ಬಿ ಸರಿಸಿ ಮೊಣಕಾಲೂರಿ ಕೂತರು. ನಾವೂ ಕೂತೆವು. ಮೂವರೂ ಹಾಳೆ ಹಾಳೆ ಎತ್ತಿ ನೋಡಿದೆವು. ಫ್ಯಾನ್ ಹಾಕಿದರೆ ಹಾರುತ್ತವೆ ಎಂದು ಆ ಸೆಕೆಯಲ್ಲೂ ಆರಿಸಿದ್ದರು. ಕೊನೆಗೆ ಸಾಹೇಬರ ಕೈಗೇ ಅದು ಸಿಕ್ಕಿತು.

ಓದಿದೆವು. ಬಹಳ ಮಕ್ಕಳನ್ನು ನೋಡಿದ ವೈದ್ಯರೊಬ್ಬರು ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ಹಳೆಯ ಚಿಕಿತ್ಸೆಯಲ್ಲಿ ಬಹಳ ಮಕ್ಕಳು ಹೋದರು, ಈ ಗುಳಿಗೆ ಕೊಡಲು ಶುರುಮಾಡಿದ ಮೇಲೆ ಸಾವು ಕಡಿಮೆಯಾಯಿತು ಎಂಬುದು ಅದರ ತಿರುಳು. ಹುಲುಗಪ್ಪನ ಕಣ್ಣು ಹೊಳೆದವು. ನನಗೆ ಮಾತ್ರ ಒಂದು ಕೊರತೆ ಕಂಡಿತು. ಅದೇ ಕಾಲದಲ್ಲಿ ಅಂಥದೇ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಟ್ಟು ಒಂದಕ್ಕೆ ಕೊಡದೆ ಹೋಲಿಸಿ ನೋಡಿರಲಿಲ್ಲ. ಹೋಲಿಕೆ ಇಲ್ಲದ ಮಾತನ್ನು ಪೂರ್ತಿ ನಂಬಬೇಡಿ ಎಂದು ಕೂಡ್ಲಿಗಿಯಲ್ಲಿ ಗಂಟಲು ಹರಿದು ಹೇಳಿದವಳು ನಾನು.

ನಮ್ಮ ಕಾಲೇಜಿನ ವೈದ್ಯಶಾಸ್ತ್ರದ ಮುಖ್ಯಸ್ಥರು ಅನಂತರಾಮ್ ಅವರು. ಮೈಸೂರಿನ ಕಡೆಯವರು, ಕೋಪಿಷ್ಠರು. ಹಳ್ಳಿ ಆಸ್ಪತ್ರೆಗಳಿಗೆ ಕಳಿಸುವ ಸಾರವನ್ನು ಅವರು ನೋಡಿ ಒಪ್ಪಬೇಕೆಂಬ ನಿಯಮವಿತ್ತು. ಲೇಖನ ಓದಿ ಮೇಜಿನ ಮೇಲೆ ಹಾಕಿದರು.

"ಹೋಲಿಕೆಯ ಗುಂಪೆಲ್ಲಿದೆ? ಚೇಳು ಕಡಿದ ಮಗುವಿಗೆ ರಕ್ತದೊತ್ತಡ ಇಳಿಸುವ ಗುಳಿಗೆ! ಅದು ವಿಪರೀತ ಇಳಿದರೆ ಯಾರು ಹೊಣೆ? ನಾನು ಒಪ್ಪುವುದಿಲ್ಲ."

"ಸರ್, ಇದಕ್ಕಿಂತ ಒಳ್ಳೆಯ ಅಧ್ಯಯನ ನಮಗೆ ಸಿಗಲಿಲ್ಲ. ಅಟ್ರೋಪಿನ್ ಕೊಡಿ ಅನ್ನುವುದಕ್ಕೂ ಹೋಲಿಕೆಯ ಆಧಾರ ಸಿಗಲಿಲ್ಲ. ಎರಡನ್ನೂ ಬರೆಯುತ್ತೇವೆ. ನೀವು ಈಗ ಹೇಳಿದ ಅಪಾಯವನ್ನೂ ಬರೆಯುತ್ತೇವೆ."

"ಅಟ್ರೋಪಿನ್‌ಗೂ ಸಿಗಲಿಲ್ಲವೇ?"

"ನೋಡಿದ ಜಾಗವನ್ನೆಲ್ಲ ಬರೆದಿಟ್ಟಿದ್ದೇವೆ ಸರ್. ನೀವೂ ನೋಡಬಹುದು."

ಅವರು ನಾವು ಬರೆದಿಟ್ಟದ್ದನ್ನು ತೆಗೆದು ಓದಿದರು. ಆಮೇಲೆ ಹುಲುಗಪ್ಪನ ಕಡೆ ತಿರುಗಿ, "ನಿಮ್ಮ ಆಸ್ಪತ್ರೆಯಲ್ಲಿ ಮಕ್ಕಳ ರಕ್ತದೊತ್ತಡ ನೋಡುವ ಪಟ್ಟಿ ಇದೆಯೇ? ಸಣ್ಣ ತೋಳಿಗೆ ಸುತ್ತುವುದು?" ಎಂದು ಕೇಳಿದರು.

"ಇಲ್ರಿ ಸರ್. ದೊಡ್ಡೋರ್ದು ಒಂದೇ ಐತ್ರಿ."

"ಹಾಗಾದರೆ ಈ ಗುಳಿಗೆ ಕೊಡುವ ಮಾತೇ ಆಡಬೇಡಿ" ಎಂದು ಎದ್ದುಹೋದರು. ಮುಗಿಯಿತು ಎಂದುಕೊಂಡೆವು. ತುಸು ಹೊತ್ತಿಗೆ ಮಕ್ಕಳ ವಿಭಾಗದಿಂದ ಒಂದು ಸಣ್ಣ ಪಟ್ಟಿ ಹಿಡಿದು ವಾಪಸ್ಸು ಬಂದರು. ಅದನ್ನು ಹುಲುಗಪ್ಪನ ಕೈಗಿಟ್ಟು "ಬರೆದುಕೊಳ್ಳಿ" ಎಂದರು. ಮಗುವನ್ನು ಎತ್ತಬಾರದು, ಕೂರಿಸಬಾರದು, ತಾಯಿ ಮಡಿಲಿಗೂ ಕೊಡಬಾರದು. ಪದೇ ಪದೇ ಒತ್ತಡ ನೋಡಬೇಕು. ಮೈಯಲ್ಲಿ ನೀರು ಕಡಿಮೆಯಾಗದಂತೆ ನೋಡಬೇಕು. ಅವರ ಸಂಶಯಗಳೆಲ್ಲ ನಮ್ಮ ಹಾಳೆಯ ಮೇಲೆ ಎಚ್ಚರಿಕೆಗಳಾದವು. ಸಹಿ ಮಾಡುವಾಗ, "ಇದು ಸಿದ್ಧವಾದ ಸತ್ಯ ಅಂತ ಎಲ್ಲೂ ಬರೆಯಬೇಡಿ" ಎಂದರು. ಹಾಗೆಯೇ ಬರೆದೆವು.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಮುಂದೆ ದೆಹಲಿಯ ಕಂಪ್ಯೂಟರಿನಿಂದ ಅಂಚೆಯಲ್ಲಿ ಲೇಖನಗಳ ಪಟ್ಟಿ ತರಿಸುವ ಕಾಲ ಬಂತು. ಹರಪನಹಳ್ಳಿಯ ಆರೋಗ್ಯ ಸಹಾಯಕಿ ಜ್ವರ ಎಂದಷ್ಟೇ ಬರೆದು ಕಳಿಸಿದ್ದಕ್ಕೆ ಬಿಚ್ಚಿದರೆ ಓಣಿಯುದ್ದ ಆಗುವಂಥ ಕಾಗದದ ಕಟ್ಟು ಬಂತು. ಆಕೆ ಅದರ ಮುಂದೆ ಕೂತು ಅತ್ತುಬಿಟ್ಟಳು. ಯಂತ್ರ ಬದಲಾದರೂ ಪ್ರಶ್ನೆ ಬಿಡಿಸುವ ಕೆಲಸ ನಮ್ಮ ತಲೆಯ ಮೇಲೆಯೇ ಉಳಿಯಿತು.

ಹಡಗಲಿಯ ವಿಷಯಕ್ಕೆ ಬರುತ್ತೇನೆ. ನಾನು ಅಲ್ಲಿ ಗ್ರಂಥಾಲಯ ನೋಡಲು ಹೋಗಿದ್ದ ಒಂದು ಮಧ್ಯಾಹ್ನ, ಇಟ್ಟಿಗಿ ಎಂಬ ಊರಿನಿಂದ ನೀಲವ್ವ ಎಂಬ ಹೆಂಗಸು ಮಗಳನ್ನು ಹೊತ್ತು ತಂದಳು. ಕಣದ ಕಲ್ಲು ಸರಿಸುವಾಗ ಚೇಳು ಕಡಿದಿತ್ತು. ಹುಡುಗಿಯ ಹೆಸರು ಲಲಿತಾ, ಶಾಲೆಗೆ ಹೋಗುವ ವಯಸ್ಸು. ಲಂಗ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಅಂಗೈ ಮುಟ್ಟಿದರೆ ಹೊಳೆಯ ಕಲ್ಲು ಮುಟ್ಟಿದ ಹಾಗೆ. ಉಸಿರು ಮೇಲೆಮೇಲೆ ಓಡುತ್ತಿತ್ತು.

ನರ್ಸ್ ರೂಢಿಯಂತೆ ಅಟ್ರೋಪಿನ್ ಸಿರಿಂಜಿಗೆ ಎಳೆದಾಗಿತ್ತು. ಕೊಟ್ರೇಶ್ ಕೈ ಅಡ್ಡ ಹಿಡಿದರು. "ತಡೀರಿ. ಹುಲುಗಪ್ಪ, ಆ ಹಾಳಿ ತಗೊಂಬಾ. ಓದು."

ಹುಲುಗಪ್ಪ ಓದಿದ. ಬಿಪಿ ಗುಳಿಗೆಯ ಪ್ರಮಾಣ ಓದಿದ, ಎಚ್ಚರಿಕೆ ಓದಿದ. ಕೊನೆಯ ಸಾಲಿಗೆ ಬಂದು ನಿಂತ.

"ಅದನ್ನೂ ಓದು."

"ಹೋಲಿಸಿ ನೋಡಿದ ಅಧ್ಯಯನ ಸಿಕ್ಕಿಲ್ಲ. ಇದು ಸಿದ್ಧವಾದ ಸತ್ಯ ಅಲ್ಲ ಅಂತ ಐತ್ರಿ ಸರ್."

ಕೊಟ್ರೇಶ್ ಸಣ್ಣ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿ ಒತ್ತಡ ನೋಡಿದರು. ಬಹಳ ಏರಿತ್ತು. "ಗುಳಿಗಿ ಕೊಡ್ತೀನಿ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ತಮಗೇ ಇರಬೇಕು.

ನೀಲವ್ವ ಗುಳಿಗೆ ನೋಡಿದಳು. "ಇದು ಬಿಪಿ ಗುಳಿಗಿ ಅಂದಂಗಾತಲ್ರಿ. ನಮ್ಮತ್ತಿಗೂ ಬಿಪಿ ಐತ್ರಿ. ಚೇಳಿಗೆ ಇದನ್ನ ಯಾಕ ಕೊಡ್ತೀರಿ?"

"ನಿನ್ನ ಮಗಳಿಗೂ ಈಗ ಬಿಪಿ ಏರೇತವ್ವ. ವಿಷ ಏರಿಸೇತಿ. ಅದನ್ನ ಇಳಸಾಕ ಕೊಡ್ತೀನಿ. ಇನ್ನೊಂದು ಊರಾಗ ಇದರಿಂದ ಮಕ್ಕಳು ಉಳದಾವ ಅಂತ ಬರದಾರ. ನಾ ಇದನ್ನ ಮೊದಲನೇ ಸಲ ಕೊಡಾಕ ಹತ್ತೀನಿ. ಸುಳ್ಳು ಹೇಳಂಗಿಲ್ಲ."

ಅವಳು ಮಗಳ ಮುಖ ನೋಡಿದಳು, ವೈದ್ಯರ ಮುಖ ನೋಡಿದಳು. "ಕೊಡ್ರಿ" ಎಂದಳು.

ಆಮೇಲೆ ಕಾಯುವುದು. ಹುಡುಗಿ ನರಳಿ ಅವ್ವಾ ಎಂದಾಗಲೆಲ್ಲ ನೀಲವ್ವ ಎತ್ತಿಕೊಳ್ಳಲು ಬಾಗುತ್ತಿದ್ದಳು. ಎತ್ತಿದರೆ ಒತ್ತಡ ಬಿದ್ದುಹೋಗುವ ಭಯ. ಅವಳನ್ನು ತಡೆಯುವ ಕೆಲಸ ನನಗೆ ಬಂತು. ಹೆತ್ತವಳ ಕೈಯನ್ನು ಮಗುವಿನಿಂದ ಬಿಡಿಸಿ ಹಿಡಿದುಕೊಂಡಿರುವುದು ಗ್ರಂಥಪಾಲಕಿಯ ಕೆಲಸದಲ್ಲಿ ಬರುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅವಳ ಉಗುರು ನನ್ನ ಮುಂಗೈಗೆ ನಾಟಿದ್ದು ಕೂಡ ಆಮೇಲೆಯೇ ಗೊತ್ತಾಯಿತು. ಒಮ್ಮೆ ಒತ್ತಡ ಬೇಕಾದ್ದಕ್ಕಿಂತ ಕೆಳಗೆ ಹೋಯಿತು. ಕೊಟ್ರೇಶ್ ಮಂಚದ ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿಸಿದರು, ಚಮಚದಲ್ಲಿ ನೀರು ಕುಡಿಸಿದರು. ಹುಲುಗಪ್ಪ ಹಾಳೆ ಹಿಡಿದು ಗೋಡೆಗೆ ಒರಗಿ ನಿಂತೇ ಇದ್ದ. ಬಿಸಿಲು ಕಿಟಕಿಯಿಂದ ಜಾರಿ ಹೊರಗೆ ಹೋದ ಮೇಲೆ ನರ್ಸ್ ಅವಳ ಪಾದ ಮುಟ್ಟಿ, "ಸರ್, ಕಾಲು ಬೆಚ್ಚಗಾಗ್ಯಾವ" ಎಂದಳು. ಬಾಯಲ್ಲಿ ನೊರೆ ಬರಲಿಲ್ಲ. ಮರುದಿನ ಹುಡುಗಿ ಗಂಜಿ ಕೇಳಿದಳು.

ಹುಲುಗಪ್ಪ ಆಗ ಬೀಗಿದ. ಬೀಗಲಿ ಎಂದು ನಾನೂ ಸುಮ್ಮನಿದ್ದೆ. ಕೊಟ್ರೇಶ್ ಮಾತ್ರ, "ಒಂದು ಕೂಸು ಉಳದದ್ದಕ್ಕ ಗುಳಿಗಿ ಕೆಲಸ ಮಾಡ್ತು ಅನ್ನಾಕ ಬರಂಗಿಲ್ಲಪ. ತಾನಾಗೇ ಉಳೀತಿತ್ತೇನೋ" ಎಂದರು. ಅವನಿಗೆ ಆ ಮಾತು ಹಿಡಿಸಲಿಲ್ಲ.

ಮಳೆಗಾಲಕ್ಕೆ ಮುಂಚೆ ಮೈಲಾರದಿಂದ ಒಬ್ಬ ಹುಡುಗನನ್ನು ತಂದರು. ತಂದೆ ಮಲ್ಲಪ್ಪ. ಹಿಂದಿನ ದಿನ ಕಡಿದಿತ್ತು. ನೋವು ಇಳಿಯುತ್ತದೆ ಎಂದು ಕಾದು, ಬೆಳಗಿನ ಬಸ್ಸು ತಪ್ಪಿ, ತಡವಾಗಿ ಬಂದಿದ್ದರು. ನೊರೆ ಆಗಲೇ ಬರುತ್ತಿತ್ತು. ಅದೇ ಹಾಳೆ, ಅದೇ ಗುಳಿಗೆ, ಅದೇ ಎಚ್ಚರಿಕೆ. ಹುಡುಗ ಉಳಿಯಲಿಲ್ಲ.

ಮುಂದಿನ ತರಬೇತಿಗೆ ಹುಲುಗಪ್ಪ ಬರಲಿಲ್ಲ. ನಾನೇ ಹಡಗಲಿಗೆ ಹೋದೆ. ಆಸ್ಪತ್ರೆಯ ಗ್ರಂಥಾಲಯವೆಂದರೆ ಹೊರರೋಗಿ ವಿಭಾಗದ ಪಕ್ಕದ ಕೋಣೆ, ಎರಡು ಕಪಾಟು, ಒಂದು ಮೇಜು. ಅಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು.

"ನನ್ನನ್ನ ಬಿಟ್ಟುಬಿಡ್ರಿ ಮೇಡಂ. ಮೊದಲಿನಂಗ ರೆಕಾರ್ಡ್ ನೋಡ್ಕೊಂಡು ಇರ್ತೀನಿ. ನಾ ಹುಡುಕಿ ತಂದದ್ದ ಆ ಹುಡುಗನ್ನ ಕೊಂದಿದ್ರ?"

"ಕೊಂದಿತು ಅನ್ನುವುದಕ್ಕೆ ಆಧಾರವಿದೆಯೇ?"

"ಇಲ್ಲ ಅನ್ನಾಕ ಐತೇನ್ರಿ?"

ತಡವಾಗಿ ಬಂದವರು ಉಳಿಯುವುದು ಕಷ್ಟ ಎಂದು ಲೇಖನದಲ್ಲಿಯೇ ಇದೆ ಎಂದೆ. ಅವನು ತಲೆ ಎತ್ತಲಿಲ್ಲ. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಯಾರೋ ನಿಂತ ನೆರಳು ಬಿತ್ತು. ಹೆಗಲ ಮೇಲೆ ಟವಲು, ಕೈಯಲ್ಲಿ ಚಪ್ಪಲಿ. ಹುಲುಗಪ್ಪ ಎದ್ದು ನಿಂತ. ಅವನ ಮುಖದಿಂದಲೇ ನನಗೆ ತಿಳಿಯಿತು, ಮೈಲಾರದ ಮಲ್ಲಪ್ಪ.

"ನೀವಲ್ಲೇನ್ರಿ ಅವತ್ತು ಹಾಳಿ ಓದಿದೋರು?"

"ಹೌದ್ರಿ."

"ಅವತ್ತು ನನಗ ಏನೂ ಕೇಳ್ಸಿಲ್ಲ. ಏನ್ ಓದಿದ್ರಿ, ಮತ್ತೊಮ್ಮಿ ಓದ್ರಿ."

ಹುಲುಗಪ್ಪ ನನ್ನ ಕಡೆ ನೋಡಿದ. ಅವನು ಕಪಾಟಿನಿಂದ ನಮ್ಮ ಸಾರದ ಹಾಳೆಯನ್ನಲ್ಲ, ಮೂಲ ಲೇಖನದ ನಕಲನ್ನೇ ತೆಗೆದ. ಕುರ್ಚಿ ಎಳೆದು ಮಲ್ಲಪ್ಪನನ್ನು ಕೂರಿಸಿದ. ಇಂಗ್ಲಿಷ್ ಸಾಲನ್ನು ಬಾಯಲ್ಲೇ ಓದಿಕೊಂಡು ಒಂದೊಂದನ್ನೇ ತಮ್ಮ ಊರ ಕಡೆಯ ಮಾತಿನಲ್ಲಿ ಹೇಳಿದ. ಯಾವ ವಯಸ್ಸಿನ ಮಕ್ಕಳು, ಎಷ್ಟು ಹೊತ್ತಿಗೆ ಬಂದರು, ಏನು ಕೊಟ್ಟರು, ಯಾರು ಉಳಿದರು. ಗುಳಿಗೆ ಕೊಟ್ಟ ಮೇಲೂ ಉಳಿಯದವರ ಸಾಲಿಗೆ ಬೆರಳಿಟ್ಟ. ನಿಂತು, ಅದನ್ನೂ ಹೇಳಿದ. ಬಿಡಲಿಲ್ಲ.

ಮಲ್ಲಪ್ಪ ನೆಲ ನೋಡುತ್ತ ಕೇಳಿಸಿಕೊಂಡ. ಮುಗಿದ ಮೇಲೆ ಕೇಳಿದ, "ಹಂಗಾರ ಸತ್ತ ಹುಡುಗರನ್ನೂ ಬರದಾರ?"

"ಬರದಾರ್ರಿ. ಬರೀದಿದ್ರ ಅದು ಸುಳ್ಳಾಗ್ತೈತಿ."

"ಆ ಹುಡುಗರ ಅಪ್ಪಂದಿರಿಗೆ ಗೊತ್ತೈತೇನು, ಬರದಾರ ಅಂತ?"

"ಗೊತ್ತಿಲ್ರಿ."

ಕೊಟ್ರೇಶ್ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಒಳಗೆ ಬರಲಿಲ್ಲ. ಮಲ್ಲಪ್ಪ ಅವರ ಕಡೆ ತಿರುಗಿದ.

"ನೀವೂ ಹಿಂಗ ಬರೀತೀರೇನ್ರಿ ಸಾಹೇಬ್ರ? ಇಲ್ಲಿಗೆ ಬಂದ ಮಕ್ಕಳದು?"

"ಬರೀಬೇಕು ಅಂತ ಮಾಡೀನಿ. ಉಳದೋರ್ದೂ, ಹೋದೋರ್ದೂ."

"ನನ್ನ ಮಗಂದೂ ಬರೀರಿ. ತಡಾ ಮಾಡಿ ತಂದ ಅಂತ ನನ್ನ ತಪ್ಪನ್ನೂ ಬರೀರಿ. ಮುಂದ ಯಾರರ ಹುಡುಕಿದಾಗ ಸಿಗ್ಲಿ."

ಅವನು ಎದ್ದು ಹೋದ. ಕೊಟ್ರೇಶ್ ಒಳಗೆ ಬಂದು ಕೂತರು. ಹುಲುಗಪ್ಪ ಮೇಜಿನ ಮೇಲಿದ್ದ ಕಾಗದಗಳನ್ನು ಸರಿಸಿ, ಖಾಲಿ ಹಾಳೆಯೊಂದನ್ನು ಕೊಟ್ರೇಶರ ಮುಂದೆ ಇಟ್ಟ.

"ಸರ್, ಹುಡುಗನ ವಯಸ್ಸಿಂದ ಸುರು ಮಾಡೂಣ್ರಿ" ಎಂದ.